ಹೆಸರು ಬರ್ಮಿಂಗ್‌ಹ್ಯಾಮಿನದು, ಬೆಸುಗೆ ಬೀಳಗಿಯದು

ಯಾವ ಕಂಪನಿಯೂ ಬೀಳಗಿಗೆ ಸೈಕಲ್ ಕಳಿಸಿದ್ದೇ ಇಲ್ಲ. ಕಳಿಸಿದ್ದೆಲ್ಲ ಸಾಮಾನು. ಕಾಗದದ ಪಟ್ಟಿ ಸುತ್ತಿದ ಫ್ರೇಮುಗಳ ಹೊರೆ, ಒಂದಕ್ಕೊಂದು ಬಿಗಿದ ರಿಮ್ಮುಗಳು, ಮಡ್‌ಗಾರ್ಡಿನ ಕಟ್ಟು, ಪೊಟ್ಟಣದಲ್ಲಿ ಸ್ಪೋಕು, ಡಬ್ಬಿಯಲ್ಲಿ ಗ್ರೀಸು ಮೆತ್ತಿದ ಗುಂಡು. ನಮ್ಮೂರಿಗೆ ರೈಲಿಲ್ಲ. ಬಾಗಲಕೋಟೆ ಸ್ಟೇಷನ್ನಿನಲ್ಲಿ ಇಳಿದ ಈ ರಾಶಿ ಲಾರಿಯಲ್ಲೋ ಬಸ್ಸಿನ ನೆತ್ತಿಯ ಮೇಲೋ ಬೀಳಗಿ ಮುಟ್ಟುತ್ತಿತ್ತು. ಅದನ್ನು ಸೈಕಲ್ ಮಾಡುತ್ತಿದ್ದದ್ದು ಅಂಗಡಿಯವರು. ಹಿಂದಿನ ಗಾಲಿಗೆ 40 ಸ್ಪೋಕು, ಮುಂದಿನದಕ್ಕೆ 32. ಒಂದೊಂದೇ ಹೆಣೆದು, ಔಟು, ಅಂದರೆ ಗಾಲಿಯ ಓಲಾಟ, ತೆಗೆದು, ಕಪ್ಪಿನಲ್ಲಿ ಗುಂಡು ಕೂಡಿಸಿ, ಕಾಟರ್ ಪಿನ್ನು ಬಡಿದು, ಬ್ರೇಕಿನ ಸಳಿಗಳನ್ನು ಅಳತೆಗೆ ತಂದ ಮೇಲೆಯೇ ಅದಕ್ಕೆ ಸೈಕಲ್ ಅನ್ನಬಹುದಾಗಿತ್ತು. ಕಾರ್ಖಾನೆಯಲ್ಲಿ ಪೂರ್ತಿಯಾಗಿ ತಯಾರಾಗಿ ಬರುತ್ತಿದ್ದದ್ದು ಫ್ರೇಮು ಒಂದೇ.

ಹಾಗಾಗಿ ಸೈಕಲ್ಲಿನ ಚರಿತ್ರೆ ಎಂದರೆ ಕಾರ್ಖಾನೆಗಳ ಚರಿತ್ರೆ ಎಂದು ಬರೆದವರನ್ನು ಓದಿದಾಗ ನನಗೆ ಸಮಾಧಾನವಾಗುವುದಿಲ್ಲ. ಇಸವಿಗಳೆಲ್ಲ ಸರಿ ಇರುತ್ತವೆ. ಕೋವೆಂಟ್ರಿಯಲ್ಲಿ ಜೆ. ಕೆ. ಸ್ಟಾರ್ಲಿ 1885ರಲ್ಲಿ ರೋವರ್ ಸೈಕಲ್ ತಂದ, 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ. ಆದರೆ ಆ ಫ್ರೇಮು ನಮ್ಮ ಎರೆ ಹೊಲದ ದಾರಿಯಲ್ಲಿ ಐವತ್ತು ಅರವತ್ತು ವರ್ಷ ಹೇಗೆ ಬದುಕಿತು, ಎಲ್ಲಿ ಮುರಿಯಿತು, ಮುರಿದದ್ದನ್ನು ಯಾರು ಹೇಗೆ ಕೂಡಿಸಿದರು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ನಾನು ಸೈಕಲ್ ಅಂಗಡಿಯಲ್ಲೇ ಬೆಳೆದವನು, ಇಂದಿಗೂ ಅಲ್ಲಿಯೇ ಕೂರುವವನು. ಬರೆದರೆ ನಾನೇ ಬರೆಯಬೇಕು.

ಅಪ್ಪ ಕೆಲಸ ಕಲಿತದ್ದು ಜಮಖಂಡಿಯಲ್ಲಿ. ಆಗಿನ್ನೂ ಅದು ಪಟವರ್ಧನರ ಸಂಸ್ಥಾನ. ಅತ್ತ ಮುಧೋಳ ಘೋರ್ಪಡೆಯವರದು. ನಮ್ಮ ಬೀಳಗಿ ಮಾತ್ರ ಬ್ರಿಟಿಷರ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿಯೊಳಗೆ ವಿಲೀನವಾದವು, 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. ಸೈಕಲ್ಲಿಗೆ ಈ ಗಡಿಗಳ ಹಂಗಿರಲಿಲ್ಲ. ಅದರ ದಾರಿ ಮುಂಬಯಿಯದೇ. ಸಾಮಾನು ಬರುತ್ತಿದ್ದದ್ದೂ ಅಲ್ಲಿಂದ, ಕೆಲಸದ ಮಾತು ಬಂದದ್ದೂ ಆ ಕಡೆಯಿಂದ. ಅಪ್ಪನ ಬಾಯಲ್ಲಿ ಅಂಗಡಿಯ ಅರ್ಧ ಮಾತು ಮರಾಠಿಯಲ್ಲಿಯೇ ಇತ್ತು.

ಆ ಕಾಲಕ್ಕೆ ಸೈಕಲ್ ಇದ್ದವರು ವಕೀಲರು, ಮಾಸ್ತರರು, ಅಂಚೆಯವರು, ಇಲ್ಲವೇ ಗೌಡರ ಮನೆಯ ಹುಡುಗರು. ಬಂದದ್ದೆಲ್ಲ ವಿಲಾಯತಿ ಮಾಲು: ನಾಟಿಂಗ್‌ಹ್ಯಾಮಿನ ರ್‍ಯಾಲಿ, ಬರ್ಮಿಂಗ್‌ಹ್ಯಾಮಿನ ಬಿಎಸ್ಎ, ಹರ್ಕ್ಯುಲಸ್, ಫಿಲಿಪ್ಸ್. ಬಿಎಸ್ಎ ಎಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಬಂದೂಕಿನ ಕಾರ್ಖಾನೆ. ಅದರ ಗುರುತೇ ಮೂರು ಬಂದೂಕು. ಬಂದೂಕಿನ ನಳಿಗೆ ಕೊರೆಯುವವರಿಗೆ ಸೈಕಲ್ಲಿನ ಕೊಳವೆ ಏನು ಮಹಾ ಎಂದು ಅಪ್ಪ ಹೇಳುತ್ತಿದ್ದ.

ಈ ವಿಲಾಯತಿ ಫ್ರೇಮುಗಳಿಂದ ಅಪ್ಪ ಕಲಿತ ಮೊದಲ ಪಾಠ ಥ್ರೆಡ್ಡಿನದು. ಪೆಡಲಿನ ಎಕ್ಸೆಲ್ ಕೂಡುವ ಕೊಳವೆಯ ಎರಡೂ ಬದಿಗೆ ಕಪ್ಪು ತಿರುಗಿಸಿ ಹಾಕಬೇಕು. ಇಂಗ್ಲೆಂಡಿನ ಬಹುತೇಕ ಸೈಕಲ್ಲುಗಳಲ್ಲಿ ಅದರ ಥ್ರೆಡ್ಡು ಇಂಚಿಗೆ 24. ಬಲಬದಿಯದು ಉಲ್ಟಾ ಸುತ್ತು. ಹಾಗಿಲ್ಲದಿದ್ದರೆ ತುಳಿಯುತ್ತ ತುಳಿಯುತ್ತ ಕಪ್ಪು ತಾನೇ ಬಿಚ್ಚಿಕೊಳ್ಳುತ್ತದೆ. ರ್‍ಯಾಲಿಯವರು ಮಾತ್ರ ತಮ್ಮದೇ ಹಟ ಹಿಡಿದು ಇಂಚಿಗೆ 26 ಇಟ್ಟಿದ್ದರು. ಗೊತ್ತಿಲ್ಲದವನು ರ್‍ಯಾಲಿ ಫ್ರೇಮಿಗೆ ಬೇರೆ ಕಪ್ಪು ತಿರುಗಿಸಿದರೆ ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಸಿಕ್ಕಿಕೊಳ್ಳುತ್ತದೆ. ಪಾನಾ ಹಾಕಿ ಜೋರು ಮಾಡಿದರೆ ಫ್ರೇಮಿನ ಒಳಗಿನ ಥ್ರೆಡ್ಡು ಹಾಳು. ಕಪ್ಪು ಹೋದರೆ ಆಗ ಎರಡು ರೂಪಾಯಿಯ ಮಾತು, ಥ್ರೆಡ್ಡು ಹೋದರೆ ಫ್ರೇಮೇ ಹೋದಂತೆ. ಅಪ್ಪನ ಪೆಟ್ಟಿಗೆಯಲ್ಲಿ ಎರಡು ಟ್ಯಾಪು ಇದ್ದವು. ಒಂದಕ್ಕೆ ಕೆಂಪು ದಾರ ಕಟ್ಟಿದ್ದ. ಅದು ರ್‍ಯಾಲಿಯದು. ನಾವು ಹುಡುಗರು ಅದನ್ನು ಮುಟ್ಟುವಂತಿರಲಿಲ್ಲ.

ಸ್ವದೇಶಿ ಸೈಕಲ್ಲಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಅದು ಎಲ್ಲರಿಗೂ ಗೊತ್ತಿರುವುದೇ. ಎರಡನೆಯ ಮಹಾಯುದ್ಧದ ಹೊತ್ತಿಗೆ ಮುಂಬಯಿಯಲ್ಲಿ ಹಿಂದ್ ಸೈಕಲ್ಸ್ ಶುರುವಾಗಿತ್ತು. 1949ರಲ್ಲಿ ಮದ್ರಾಸಿನ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1952ರಲ್ಲಿ ಆಸನ್ಸೋಲಿನಲ್ಲಿ ಸೆನ್-ರ್‍ಯಾಲಿ, 1956ರಲ್ಲಿ ಲೂಧಿಯಾನಾದ ಮುಂಜಾಲ್ ಅಣ್ಣತಮ್ಮಂದಿರ ಹೀರೋ. ಹತ್ತು ವರ್ಷದಲ್ಲಿ ವಿಲಾಯತಿ ಮಾಲು ಬರುವುದು ನಿಂತೇ ಹೋಯಿತು. ಆದರೆ ಹೆಸರುಗಳು ಹೋಗಲಿಲ್ಲ. ಹರ್ಕ್ಯುಲಸ್, ಫಿಲಿಪ್ಸ್, ಬಿಎಸ್ಎ ಮದ್ರಾಸಿನಿಂದ ಬರತೊಡಗಿದವು. ಅಳತೆಗಳೂ ಹೋಗಲಿಲ್ಲ. 28 ಇಂಚಿನ ಗಾಲಿ, 22 ಅಥವಾ 24 ಇಂಚಿನ ಫ್ರೇಮು, ಸಳಿ ಬ್ರೇಕು, ಕಾಟರ್ ಪಿನ್ನು ಎಲ್ಲ ಹಾಗೇ. ಇಂಗ್ಲೆಂಡಿನವರು ಈ ನಮೂನೆಯನ್ನು ಬಿಟ್ಟು ಮುಂದೆ ಹೋದರು, ನಾವು ಅದನ್ನೇ ಹಿಡಿದು ಕೂತೆವು. ಹಿಡಿದದ್ದಕ್ಕೆ ಲಾಭವೂ ಆಯಿತು. ಅಜ್ಜನ ಕಾಲದ ಫ್ರೇಮಿಗೆ ಮೊಮ್ಮಗನ ಕಾಲದ ಗಾಲಿ ಕೂಡುತ್ತಿತ್ತು.

ಫರಕು ಇದ್ದದ್ದು ಕೊಳವೆಯ ಒಳಗೆ. ಹಳೆಯ ಒಳ್ಳೆ ವಿಲಾಯತಿ ಫ್ರೇಮು ಕೊಯ್ದು ನೋಡಿದರೆ ಕೊಳವೆಯ ಒಳಮೈ ಎಲ್ಲ ಕಡೆಗೂ ನುಣುಪು. ಜೋಡಣೆ ಇಲ್ಲದೆ ಎಳೆದ ಕೊಳವೆ ಅದು. ನಮ್ಮ ದೇಶದ್ದನ್ನು ಕೊಯ್ದರೆ ಉದ್ದಕ್ಕೂ ಒಂದು ಗೆರೆ ಕಾಣುತ್ತದೆ. ಉಕ್ಕಿನ ಪಟ್ಟಿಯನ್ನು ಸುರುಳಿ ಮಾಡಿ ಕರೆಂಟಿನಿಂದ ಅಂಟಿಸಿದ ಗುರುತು. ಮದ್ರಾಸಿನ ಆವಡಿಯಲ್ಲಿ ಟ್ಯೂಬ್ ಪ್ರಾಡಕ್ಟ್ಸ್ 1955ರಲ್ಲಿ ಶುರುವಾದದ್ದೇ ಇಂಥ ಕೊಳವೆ ಮಾಡಲು. ಗೆರೆ ಇದ್ದದ್ದು ಕಡಿಮೆ ಎಂದು ಹೀಗಳೆಯುವವರುಂಟು. ನಾನು ಒಪ್ಪುವುದಿಲ್ಲ. ಆ ಗೆರೆಯ ಗುಂಟ ಬಾಯಿ ಬಿಟ್ಟ ಫ್ರೇಮನ್ನು ನಾನು ನೋಡಿಲ್ಲ. ಮುರಿಯುವುದು ಯಾವಾಗಲೂ ಬೇರೆ ಕಡೆ. ಬರ್ಮಿಂಗ್‌ಹ್ಯಾಮಿನಲ್ಲಿ ರೆನಾಲ್ಡ್ಸ್ ಕಂಪನಿ 1935ರಲ್ಲಿ 531 ಎಂಬ ಕೊಳವೆ ತಂದಿತ್ತು. ಮ್ಯಾಂಗನೀಸು, ಮಾಲಿಬ್ಡಿನಮ್ ಬೆರೆತ ಉಕ್ಕಿನ ಹಗುರ ಕೊಳವೆ, ರೇಸಿನವರಿಗೆ ಇಂದಿಗೂ ಆ ಹೆಸರೆಂದರೆ ಭಕ್ತಿ. ನಮಗೆ ಹಗುರ ಬೇಕಾಗಿರಲೇ ಇಲ್ಲ. ಇಪ್ಪತ್ತು ಕಿಲೋಗೂ ಮೇಲೆ ತೂಗುವ ಸೈಕಲ್ಲಿನ ಮೇಲೆ ಎರಡು ಚೀಲ ಜೋಳ ಹೇರುವವನಿಗೆ ಫ್ರೇಮು ಅರ್ಧ ಕಿಲೋ ಹಗುರಾದರೆ ಬಂದದ್ದೇನು?

ಇನ್ನು ಮುರಿಯುವ ಮಾತು. ಒಡೆದ ಜಾಗ ನೋಡಿದರೆ ಸವಾರನ ಕಸುಬು ಗೊತ್ತಾಗುತ್ತಿತ್ತು. ಹಾಲಿನವನ ಸೈಕಲ್ಲಿಗೆ ಹಿಂಬದಿಯ ತೆಳುವಾದ ಕೊಳವೆಗಳು ಎಕ್ಸೆಲ್ಲಿನ ಹತ್ತಿರ ಬಿರಿಯುತ್ತಿದ್ದವು, ಎರಡೂ ಕಡೆ ಕ್ಯಾನು ತೂಗಿಬಿದ್ದು ಅಲುಗುವ ಕಾರಣಕ್ಕೆ. ಮಹಾಲಿಂಗಪುರದ ಪೇಟೆಗೆ ಬೆಲ್ಲ ಒಯ್ಯುವವರದು ಫೋರ್ಕಿನ ಬುಡ. ಅಲ್ಲಿ ಮುರಿದರೆ ಮನುಷ್ಯ ಮುಖ ಅಡಿಯಾಗಿ ಬೀಳುತ್ತಾನೆ. ಆದ್ದರಿಂದ ಭಾರದ ಗಾಡಿಗಳಿಗೆ ಮುಂದಿನ ಎಕ್ಸೆಲ್ಲಿನಿಂದ ಹ್ಯಾಂಡಲ್ಲಿನವರೆಗೆ ಎರಡು ಸಪೋರ್ಟು ಸಳಿ ಹಾಕಿಯೇ ಕೊಡುತ್ತಿದ್ದೆವು. ಹೊಳೆದಂಡೆಯ ಊರಿನವರದು ಮುರಿಯುತ್ತಿರಲಿಲ್ಲ, ತುಕ್ಕು ಹಿಡಿಯುತ್ತಿತ್ತು. ಕೃಷ್ಣೆಯನ್ನು ದೋಣಿಯಲ್ಲಿ ದಾಟುವಾಗ ಸೈಕಲ್ಲಿಗೆ ನೀರು ಕುಡಿಸುತ್ತಿದ್ದರು. ಸೀಟಿನ ಕೊಳವೆಯಿಂದ ಇಳಿದ ನೀರು ಪೆಡಲಿನ ಎಕ್ಸೆಲ್ಲಿನ ಗೂಡಿನಲ್ಲಿ ನಿಂತು ಒಳಗಿನಿಂದಲೇ ತಿನ್ನುತ್ತಿತ್ತು. ಹೊರಗೆ ಬಣ್ಣ ನೆಟ್ಟಗಿರುತ್ತಿತ್ತು, ಉಗುರಿನಿಂದ ತಟ್ಟಿದರೆ ಸಪ್ಪೆ ಸದ್ದು. ಅಪ್ಪ ಅಂಥ ಫ್ರೇಮುಗಳ ಗೂಡಿನ ಅಡಿಗೆ ಸಣ್ಣ ತೂತು ಕೊರೆದು ಕೊಡುತ್ತಿದ್ದ, ನೀರು ಸೋರಿ ಹೋಗಲೆಂದು. ಯಾವ ಕಂಪನಿಯೂ ನಮ್ಮ ಕಡೆಗೆ ಕಳಿಸಿದ ಫ್ರೇಮಿನಲ್ಲಿ ಆ ತೂತು ಇರಲಿಲ್ಲ.

ಎರೆಮಣ್ಣಿನ ಸವಾರರದೇ ಬೇರೆ ಗೋಳು. ಮುಂಗಾರಿನ ಒಂದು ಹದ ಮಳೆಯಾದರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ, ಬಿಗಿದು, ಗಾಲಿ ತಿರುಗುವುದೇ ಇಲ್ಲ. ಕಡ್ಡಿ ಹಾಕಿ ಕೆದರುವುದು, ಹತ್ತು ಮಾರು ನೂಕುವುದು, ಮತ್ತೆ ಕೆದರುವುದು. ಬೇಸತ್ತವನು ಸೈಕಲ್ಲನ್ನು ಹೆಗಲಿಗೇರಿಸಿ ಊರು ಸೇರುತ್ತಿದ್ದ. ಫ್ರೇಮಿನ ಮೇಲಿನ ಬಾರು ಹೆಗಲಿಗೆ ಸರಿಯಾಗಿ ಕೂರುತ್ತದೆ. ಅದನ್ನು ಮಾಡಿದ ಎಂಜಿನಿಯರನಿಗೆ ಈ ಉಪಯೋಗ ಹೊಳೆದಿರಲಿಕ್ಕಿಲ್ಲ. ಮಳೆಗಾಲ ಬಂತೆಂದರೆ ಹೊಲದ ದಾರಿಯವರು ಮಡ್‌ಗಾರ್ಡು ಬಿಚ್ಚಿಸಿಕೊಳ್ಳಲು ಬರುತ್ತಿದ್ದರು, ದೀಪಾವಳಿ ಮುಂದೆ ಮತ್ತೆ ಹಾಕಿಸಿಕೊಳ್ಳಲು. ಅಷ್ಟು ತಿಂಗಳು ಆ ಮಡ್‌ಗಾರ್ಡುಗಳು, ಚೀಟಿ ಕಟ್ಟಿಸಿಕೊಂಡು, ನಮ್ಮ ಅಟ್ಟದ ಮೇಲೆ.

ಮುರಿದ ಫ್ರೇಮು ಕೂಡಿಸುವುದು ಮೊದಮೊದಲು ಅಂಗಡಿಯ ಕೆಲಸವಾಗಿರಲಿಲ್ಲ, ಕಂಬಾರರದು. ಸೈಕಲ್ ಫ್ರೇಮಿನ ಮೂಲೆಗಳಲ್ಲಿ ಲಗ್ಗು ಎಂಬ ಗೂಡುಗಳಿರುತ್ತವೆ. ಕೊಳವೆಯನ್ನು ಅದರೊಳಗೆ ತೂರಿಸಿ, ಸಂದಿಗೆ ಕರಗಿದ ಹಿತ್ತಾಳೆ ಹರಿಸಿದರೆ ಕೂಡಿತು. ಕಾರ್ಖಾನೆಯಲ್ಲಿ ಮಾಡುವುದೂ ಇದನ್ನೇ, ಕಂಬಾರ ಮಾಡುವುದೂ ಇದನ್ನೇ. ಕೈಯಲ್ಲಿರುವ ಸಾಮಾನು ಬೇರೆ ಅಷ್ಟೆ. ಅಪ್ಪ ಫ್ರೇಮನ್ನು ಪೂರ್ತಿ ಬಿಚ್ಚಿ, ಮುರಿದ ಕೊಳವೆಯೊಳಗೆ ಬಿಗಿಯಾಗಿ ಕೂರುವ ಇನ್ನೊಂದು ಕೊಳವೆಯ ತುಂಡು ಹುಡುಕಿ, ಅರದಿಂದ ಉಜ್ಜಿ ಹೊಳಪು ಬರಿಸಿ ಒಯ್ಯುತ್ತಿದ್ದ. ಹೊಲಸು, ಎಣ್ಣೆ, ಬಣ್ಣ ಒಂದಿಷ್ಟು ಉಳಿದರೂ ಹಿತ್ತಾಳೆ ಹಿಡಿಯುವುದಿಲ್ಲ. ಹಳೆಯ ಹಿತ್ತಾಳೆ ಪಾತ್ರೆಯ ಚೂರು, ಪುಡಿ ಮಾಡಿದ ಬಿಳಿಗಾರ. ಎರಡನ್ನೂ ನೀರಲ್ಲಿ ಕಲಸಿ ಸಂದಿಗೆ ಮೆತ್ತಿ ಒಲೆಗಿಟ್ಟು ತಿದಿ ಒತ್ತುವುದು. ಬಿಳಿಗಾರ ಮೊದಲು ಉಬ್ಬಿ, ಆಮೇಲೆ ಗಾಜಿನ ಹಾಗೆ ಕರಗಿ ಸಂದಿಯೊಳಗೆ ಇಳಿಯುತ್ತದೆ. ಅದರ ಹಿಂದೆಯೇ ಹಿತ್ತಾಳೆ ಹರಿಯುತ್ತದೆ. ಅದಕ್ಕೆ ಸುಮಾರು 900 ಡಿಗ್ರಿ ಕಾವು ಬೇಕು ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಕಂಬಾರ ಕಾಕಾಗೆ ಡಿಗ್ರಿ ಬೇಕಾಗಿರಲಿಲ್ಲ. ಕತ್ತಲೆಯ ಮೂಲೆಯಲ್ಲಿ ಒಲೆ, ಉಕ್ಕಿನ ಬಣ್ಣವೇ ಅವರ ಲೆಕ್ಕ.

"ಕೆಂಪ ಆಗೋ ತನಕಾ ಕಾಯಬೇಕು, ಬೆಳ್ಳಗ ಆಗಾಕ ಬಿಡಬಾರ್ದು. ಬೆಳ್ಳಗ ಆತು ಅಂದ್ರ ಆ ಕಬ್ಬಿಣ ನಿನ್ನ ಮಾತ ಕೇಳಂಗಿಲ್ಲೋ ತಮ್ಮಾ" ಎನ್ನುತ್ತಿದ್ದರು.

ನಿಜವೇ. ಅತಿ ಕಾದ ಉಕ್ಕು ಮತ್ತೆ ತಣ್ಣಗಾದಾಗ ಪೆಡಸಾಗುತ್ತದೆ, ಬೆಸುಗೆಯ ಪಕ್ಕದಲ್ಲಿಯೇ ಮುರಿಯುತ್ತದೆ. ಮುಂದೆ ಊರಿಗೆ ಕಾರ್ಬೈಡಿನ ಗ್ಯಾಸ್ ವೆಲ್ಡಿಂಗ್ ಬಂತು. ಕೆಲಸ ನಮ್ಮ ಅಂಗಡಿಯ ಹಿತ್ತಿಲಿಗೇ ಬಂತು, ಜೊತೆಗೆ ಆ ಕಾರ್ಬೈಡಿನ ನಾತವೂ. ಬೇಗ ಆಗುತ್ತದೆ ಎಂಬ ಆಸೆಗೆ ಹಿತ್ತಾಳೆ ಬಿಟ್ಟು ಕಬ್ಬಿಣದ ತಂತಿಯಿಂದಲೇ ಬೆಸೆಯುವವರು ಹೆಚ್ಚಿದರು. ಆ ಬೆಸುಗೆಗೆ ಇನ್ನೂ ಹೆಚ್ಚು ಕಾವು ಬೇಕು, ತೆಳು ಕೊಳವೆ ತಾಳುವುದಿಲ್ಲ. ಹಿತ್ತಾಳೆ ಬೆಸುಗೆಯ ಫ್ರೇಮನ್ನು ಮತ್ತೆ ಕಾಯಿಸಿದರೆ ಬಿಚ್ಚಿ ಬರುತ್ತದೆ, ಹೊಸ ಕೊಳವೆ ಹಾಕಬಹುದು. ಒಂದು ಮೂಲೆಯಿಂದ ಶುರು ಮಾಡಿ ವರ್ಷಕ್ಕೊಂದು ಕೊಳವೆ ಬದಲಿಸುತ್ತ ಹೋದ ಗಿರಾಕಿಗಳು ನಮಗಿದ್ದರು. ಕೊನೆಗೆ ಮೂಲ ಫ್ರೇಮಿನದು ಉಳಿದದ್ದು ತಲೆಯ ಕೊಳವೆ, ಅದಕ್ಕೆ ಮೊಳೆ ಹೊಡೆದ ಹಿತ್ತಾಳೆಯ ಬಿಲ್ಲೆ. ಬಿಲ್ಲೆ ಇತ್ತೆಂದರೆ ಅದು ಬಿಎಸ್ಎ! ಮಾರುವಾಗ ಬಿಎಸ್ಎ ಬೆಲೆಯನ್ನೇ ಕೇಳುತ್ತಿದ್ದರು, ಕೊಡುವವರು ಕೊಡುತ್ತಿದ್ದರು ಕೂಡ.

ಎಪ್ಪತ್ತರ ದಶಕದ ಹೊತ್ತಿಗೆ ಲೂಧಿಯಾನಾದಿಂದ ಹೆಸರಿಲ್ಲದ ಫ್ರೇಮುಗಳು ಬರತೊಡಗಿದವು. ಕಂಪನಿಯ ಸೈಕಲ್ ಕೊಳ್ಳಲಾಗದವರಿಗೆ ಅಂಗಡಿಯವರೇ ಬಿಡಿಸಾಮಾನು ಆರಿಸಿ ಕಟ್ಟಿಕೊಡುತ್ತಿದ್ದ ಅಸೆಂಬಲ್ ಸೈಕಲ್. ಫ್ರೇಮು ಒಬ್ಬರದು, ರಿಮ್ಮು ಇನ್ನೊಬ್ಬರದು, ಚೈನು ಮತ್ತೊಬ್ಬರದು. ಸೀಟಿನ ಕೊಳವೆಯ ಮೇಲೆ ಪೇಂಟರನಿಂದ ಬಿಳಿ ಅಕ್ಷರದಲ್ಲಿ ಅಂಗಡಿಯ ಹೆಸರು, ಚೈನ್ ಕವರಿನ ಮೇಲೆ ಗಿರಾಕಿಯ ಮನೆದೇವರ ಹೆಸರು. ಕಂಪನಿಯವರು ಇದನ್ನು ನಕಲಿ ಎನ್ನುತ್ತಿದ್ದರು. ನನಗೆ ಕೇಳಿದರೆ ನಮ್ಮ ಅಂಗಡಿಯ ಅಸಲಿ ಮಾಲು ಅದೊಂದೇ. ಹೊಲಕ್ಕೋ, ಪೇಟೆಗೋ, ಶಾಲೆಗೋ ಎಂದು ಕೇಳಿ, ಗಿರಾಕಿಯ ಕಾಲಿನ ಉದ್ದ ನೋಡಿ, ಭಾರ ಹೇರುವವನಾದರೆ ಎರಡು ಬಾರಿನ ಫ್ರೇಮು ಆರಿಸಿ ಕೊಡುತ್ತಿದ್ದೆವು.

ಮದುವೆಯ ಮಾತುಕತೆಯಲ್ಲಿ ವಾಚು, ಉಂಗುರದ ಜೊತೆ ಸೈಕಲ್ಲೂ ಸೇರಿದ ಕಾಲ ಅದು. ಆಗ ಮಾತ್ರ ಅಸೆಂಬಲ್ ನಡೆಯುತ್ತಿರಲಿಲ್ಲ. ಅಳಿಯನಿಗೆ ಕಂಪನಿಯದೇ ಆಗಬೇಕು, ಡೈನಮೋ ಇರಬೇಕು. ಹೆಣ್ಣಿನ ತಂದೆ ಅಂಗಡಿಯ ಮುಂದೆ ಬಂದು ನಿಂತು, "ಕಡೀ ಮಾತ ಹೇಳ್ರಿ" ಎನ್ನುವಾಗ ಅವರ ಮುಖ ನೋಡಲು ಅಪ್ಪನಿಗೆ ಆಗುತ್ತಿರಲಿಲ್ಲ. ಆ ವ್ಯಾಪಾರವನ್ನು ಆತ ಅಂಗಡಿಯಲ್ಲಿದ್ದ ನಮ್ಮ ಮನೆಯ ಕಾಕಾನ ಮೇಲೆ ಹಾಕಿ ಒಳಗೆ ಹೋಗಿಬಿಡುತ್ತಿದ್ದ.

ರಬಕವಿ-ಬನಹಟ್ಟಿಯ ನೇಕಾರರದು ನಮ್ಮೊಡನೆ ಬೇರೆಯೇ ವ್ಯವಹಾರ. ಸೀರೆಯ ಗಂಟು ಕ್ಯಾರಿಯರಿಗೆ ಕಟ್ಟಿಕೊಂಡು ಊರೂರು ತಿರುಗುವವರು ಗಿರಾಕಿಗಳಾಗಿದ್ದರು, ಸರಿ. ಆದರೆ ಅವರ ಮನೆಯ ಹೆಂಗಸರೂ ಸೈಕಲ್ ಸಾಮಾನಿನ ಗಿರಾಕಿಗಳು. ಮಗ್ಗಕ್ಕೆ ಕಂಡಿಕಿ ಸುತ್ತುವ ರಾಟಿಗೆ ಸೈಕಲ್ಲಿನ ಗಾಲಿಯೇ ಚಕ್ರ. ಟೈರು ಹಾಕಲಾಗದಷ್ಟು ಬದಿ ಸವೆದ ರಿಮ್ಮು, ಹಬ್ಬಿನಲ್ಲಿ ಗುಂಡು ಸರಿ ಇದ್ದರೆ, ರಾಟಿಗೆ ಬಂಗಾರ. ಒಂದು ಬೆರಳಿನಿಂದ ತಿರುಗುತ್ತದೆ, ಔಟು ಇರುವಂತಿಲ್ಲ, ಇದ್ದರೆ ನೂಲು ಜಾರುತ್ತದೆ. ಅದಕ್ಕೆಂದೇ ಹಳೆಯ ಗಾಲಿಗಳ ಔಟು ತೆಗೆದು ಇಡುತ್ತಿದ್ದೆವು. ರಸ್ತೆಯ ಮೇಲೆ ಓಡುವ ಗಾಲಿಗಿಂತ ಮನೆಯೊಳಗೆ ಕೂತ ಗಾಲಿಗೆ ಹೆಚ್ಚು ನಿಗಾ ಬೇಕಾಗುತ್ತಿತ್ತು.

ಬಾಡಿಗೆ ಸೈಕಲ್ಲಿನ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಹಿಗ್ಗಿಸುವುದಿಲ್ಲ. ತಾಸಿನ ಲೆಕ್ಕ, ಹೆಸರು ಬರೆಯುವ ಪಟ್ಟಿ, ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುವ ಹುಡುಗರು, ಊರಿನ ಬಯಲಲ್ಲಿ ಹಗಲು ರಾತ್ರಿ ಸೈಕಲ್ಲಿನಿಂದ ಇಳಿಯದೆ ಸುತ್ತುವ ಸರ್ಕಸ್ಸಿನವನು. ಅವನ ಸೈಕಲ್ಲು ಯಾವಾಗಲೂ ನಮ್ಮಲ್ಲಿಯದೇ. ಶೋ ಮುಗಿದ ಮೇಲೆ ಅದನ್ನು ಸರಿಮಾಡಲು ಎರಡು ದಿನ ಹಿಡಿಯುತ್ತಿತ್ತು.

ಇದೆಲ್ಲ ಮುಗಿದದ್ದು ನೀರಿನಿಂದ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದಾಗ ಆ ಮಾತು ನಮಗೆ ದೂರದ್ದು. ಅಣೆಕಟ್ಟೆಯಲ್ಲಿ ನೀರು 519.6 ಮೀಟರಿಗೆ ನಿಲ್ಲತೊಡಗಿದಾಗ ಬೀಳಗಿ ತಾಲೂಕಿನ ಹೊಳೆದಂಡೆಯ ಊರುಗಳು ಒಂದೊಂದಾಗಿ ಗುಡ್ಡ ಏರಿದವು. ಪುನರ್ವಸತಿ ಕೇಂದ್ರಗಳಿಗೆ ಹೋದವರು ನಮ್ಮ ಹಳೆಯ ಗಿರಾಕಿಗಳು. ಪರಿಹಾರದ ದುಡ್ಡು ಕೈಗೆ ಬಂದ ವಾರವೇ ಮೋಟಾರ್ ಸೈಕಲ್ ಬಂತು. ತಪ್ಪೇನಿಲ್ಲ: ಹೊಲ ಒಂದು ಕಡೆ, ಮನೆ ಒಂದು ಕಡೆ ಆದವನು ಸೈಕಲ್ ತುಳಿದುಕೊಂಡು ಎಷ್ಟು ಕಾಲ ತಿರುಗಿಯಾನು? ಅತ್ತ ಜಮಖಂಡಿ ಕಡೆಗೆ ಇದೇ ನೀರು ಬೇರೆ ರೀತಿಯಲ್ಲಿ ಅದೇ ಕೆಲಸ ಮಾಡಿತು. ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ತಾವೇ ದುಡಿದು 1989ರಲ್ಲಿ ಬ್ಯಾರೇಜು ಕಟ್ಟಿದರು. ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂದವು, ಕೈಯಲ್ಲಿ ದುಡ್ಡು ಓಡಾಡಿತು. ಮುಳುಗಿದವರೂ ಗೆದ್ದವರೂ ಕೊಂಡದ್ದು ಒಂದನ್ನೇ. ಹೀರೋ ಸೈಕಲ್ಲಿನ ಮುಂಜಾಲರೇ ಜಪಾನಿನ ಹೊಂಡಾದೊಡನೆ ಕೂಡಿ 1985ರಲ್ಲಿ ಸಿಡಿ-100 ತಂದಿದ್ದರು. ನಮ್ಮ ಅಂಗಡಿಯನ್ನು ತುಂಬಿಸಿದವರೂ ಖಾಲಿ ಮಾಡಿಸಿದವರೂ ಒಂದೇ ಮನೆತನದವರು ಎಂದು ನಾನು ಚೇಷ್ಟೆಗೆ ಹೇಳುವುದುಂಟು.

2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಆ ಫ್ರೇಮುಗಳಲ್ಲಿ ಲಗ್ಗಿಲ್ಲ, ಕೊಳವೆಗೆ ಕೊಳವೆ ನೇರ ವೆಲ್ಡಿಂಗು. ಶಾಲೆಯ ಅಂಗಳಕ್ಕೆ ಬಿಡಿಸಾಮಾನಿನ ಲಾರಿ ಬಂದು, ಫಿಟ್ಟರುಗಳು ಅಲ್ಲಿಯೇ ಕೂತು ಜೋಡಿಸುತ್ತಿದ್ದರು. ಅಂಗಡಿಯಲ್ಲಿ ಹೊಸ ಸೈಕಲ್ ಮಾರುವುದು ಅಲ್ಲಿಗೆ ನಿಂತಿತು, ರಿಪೇರಿ ಮಾತ್ರ ಹತ್ತು ಪಟ್ಟಾಯಿತು. ಹಳ್ಳಿಯ ಹೆಣ್ಣುಮಕ್ಕಳು ಮೊದಲ ಸಲ ತಾವೇ ಅಂಗಡಿಗೆ ಬಂದು, "ಅಣ್ಣಾರ, ಚೈನ ಬೀಳತೈತ್ರಿ" ಎಂದದ್ದು ಆಗ. ಅಲ್ಲಿಯತನಕ ನಮ್ಮ ಅಂಗಡಿಯ ಕಟ್ಟೆ ಗಂಡಸರದೇ ಆಗಿತ್ತು. ಕರೋನಾದ ನಂತರ ಆ ಸೈಕಲ್ಲೂ ನಿಂತಿತು. ಅದೇ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿತು.

ಈಗ ಬರುವವರಲ್ಲಿ ರೇಸಿನ ಹುಡುಗರೂ ಇದ್ದಾರೆ. ವಿಜಯಪುರ, ಬಾಗಲಕೋಟೆ ಸೀಮೆಯ ಸೈಕ್ಲಿಸ್ಟರು ರಾಷ್ಟ್ರಮಟ್ಟದಲ್ಲಿ ಪದಕ ತರುವುದು ಹೊಸತಲ್ಲ. ವಿಜಯಪುರದ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದ ಎಷ್ಟೋ ಮಕ್ಕಳು ಹೊಲಗೆಲಸದ ಮನೆಯವರು, ಜಾತ್ರೆಯ ಶರ್ಯತ್ತಿನಲ್ಲಿ ಅಪ್ಪನ ಭಾರದ ಸೈಕಲ್ ತುಳಿದು ಶುರು ಮಾಡಿದವರು. ಅವರ ಗಾಡಿಗಳು ಅಲ್ಯೂಮಿನಿಯಮ್ಮಿನವು, ಕಾರ್ಬನ್ನಿನವು. ಬೆರಳಲ್ಲಿ ಎತ್ತಬಹುದು. ಮುರಿದರೆ ನಾನೇನೂ ಮಾಡಲಾರೆ. ಅಲ್ಯೂಮಿನಿಯಮ್ ಕೆಂಪಾಗುವುದಿಲ್ಲ, ಸುಳಿವೇ ಕೊಡದೆ ಕುಸಿಯುತ್ತದೆ. ಕಂಬಾರ ಕಾಕಾನ ಬಣ್ಣದ ಲೆಕ್ಕ ಅಲ್ಲಿ ನಡೆಯದು.

ಹೋದ ವರ್ಷ ಅಂಥ ಒಬ್ಬ ಹುಡುಗ ಬಿರುಕು ಬಿಟ್ಟ ಫ್ರೇಮು ತಂದ. ಹುಬ್ಬಳ್ಳಿಯಲ್ಲಿ ಯಾರಾದರೂ ಮಾಡಿಯಾರು ಎಂದು ಕಳಿಸಿದೆ. ಅಲ್ಲಿಯವರೆಗೆ ಪ್ರಾಕ್ಟೀಸಿಗೆಂದು ಅಟ್ಟದ ಮೇಲಿದ್ದ ಹಳೆಯ ಉಕ್ಕಿನ ಫ್ರೇಮೊಂದನ್ನು ಇಳಿಸಿ, ಮಡ್‌ಗಾರ್ಡು ಸ್ಟ್ಯಾಂಡು ಏನೂ ಹಾಕದೆ, ಒಳ್ಳೆ ಗಾಲಿ ಕಟ್ಟಿ ಕೊಟ್ಟೆ. ತಗ್ಗಿದ ಹ್ಯಾಂಡಲ್ಲು ಆತನೇ ತಂದು ಹಾಕಿಕೊಂಡ. ವಾರಕ್ಕೊಮ್ಮೆ ಹವಾ ತುಂಬಿಸಲು ಬರುತ್ತಾನೆ. "ಭಾಳ ಒಜ್ಜಿ ಐತ್ರಿ ಮಾವಾರ, ಏರು ಬಂದ್ರ ತೊಡಿ ನೋಯ್ತಾವು" ಎಂದು ಬಂದಾಗಲೆಲ್ಲ ತಕರಾರು ಹೇಳುತ್ತಾನೆ. ಹುಬ್ಬಳ್ಳಿಯ ಫ್ರೇಮು ರಿಪೇರಿಯಾಗಿ ಬಂದು ಎಷ್ಟೋ ತಿಂಗಳಾಯಿತು. ಇದನ್ನಿನ್ನೂ ವಾಪಸ್ ತಂದುಕೊಟ್ಟಿಲ್ಲ.